ಅಪ್ಪ ಸತ್ತನೆಂದು ನಾನೇ ಫೋನ್ ಮಾಡಿದೆ

ನಾನು ಬಿ.ಎ. ಪಾಸಾದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮಾಡಿದ ಕೆಲಸ ಓದಿದ ಮೇಲೆ ಯಾರೂ ಅದನ್ನು ನಂಬಲಿಕ್ಕಿಲ್ಲ. ಅಪ್ಪನ ಕಡೆ ನೋಡಿದರೂ ಅವ್ವನ ಕಡೆ ನೋಡಿದರೂ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಒಬ್ಬರೂ ಇಲ್ಲ. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಬಂದು ಪಡೆದ ಡಿಗ್ರಿ ಅದು. ಬೆಳಿಗ್ಗೆ ಎದ್ದು ಅವ್ವನ ಜೊತೆ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಆಮೇಲೆ ಎಷ್ಟು ಸೋಪು ಹಾಕಿ ತೊಳೆದರೂ ಕೈ ಉರಿಯುತ್ತಿತ್ತು. ಆ ಕೈಯಲ್ಲೇ ನೋಟ್ಸ್ ಬರೆಯುತ್ತಿದ್ದೆ. ಮೊದಲ ವರ್ಷ ನನ್ನ ಪಕ್ಕದ ಹುಡುಗಿಯರು ಸೀನುತ್ತಾ ಬೇರೆ ಬೆಂಚಿಗೆ ಹೋದರು. ಎರಡನೆಯ ವರ್ಷ ನೋಟ್ಸ್ ಬೇಕಾದಾಗ ವಾಪಸ್ ಬಂದರು.

ಅಪ್ಪ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಮೆಣಸಿನಕಾಯಿ ಚೀಲ ಹೊತ್ತು ಗೋದಾಮಿನ ತೊಲೆ ಮುಟ್ಟುವ ತನಕ ಒಂದರ ಮೇಲೊಂದು ಒಟ್ಟುವುದು ಅವನ ಕೆಲಸ. ಎತ್ತರದಲ್ಲಿ ಒಂದೇ ಹಲಗೆಯ ಮೇಲೆ ಚೀಲ ಹೊತ್ತು ನಡೆಯುವಾಗಲೂ ಹಾಡಿಕೊಳ್ಳುತ್ತಿದ್ದ. ನನ್ನನ್ನು ಕಾಲೇಜಿಗೆ ಸೇರಿಸಲು ಬಂದ ದಿನ ಕೆಲಸದ ಬಟ್ಟೆಯಲ್ಲೇ ಬಂದಿದ್ದ. ಅಂಗಿ, ಟವೆಲ್ಲು, ಹುಬ್ಬು ಎಲ್ಲಾ ಕೆಂಪು ಪುಡಿ. ಗುಮಾಸ್ತರು ನಾಲ್ಕು ಸಲ ಸೀನಿ, ಕಣ್ಣೊರೆಸಿಕೊಂಡು ಅರ್ಜಿ ತೆಗೆದುಕೊಂಡರು. "ಲಗೂ ಆತ ನೋಡ ಕೆಲಸ, ಇಸ್ತ್ರಿ ಅಂಗಿ ಹಾಕ್ಕೊಂಡ ಬಂದಿದ್ರ ಸಂಜೀ ತನಕ ನಿಲ್ಲಸ್ತಿದ್ರು" ಎಂದು ಬಸ್ಸಿನಲ್ಲಿ ನಕ್ಕಿದ್ದ.

ಅವನಿಗೆ ಇನ್ನೊಂದು ಕೆಲಸವಿತ್ತು. ಅದಕ್ಕೆ ಕೂಲಿ ಇರಲಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮೈ ಸೆಟೆಯುವುದರೊಳಗೆ ಕಾಲು ಮಡಚಿ, ಪಡಸಾಲೆಯ ಗೋಡೆಗೆ ಆನಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಹಣೆ ತುಂಬ ವಿಭೂತಿ ಹಚ್ಚಬೇಕು. ಮನೆಯವರು ಅಳುತ್ತಿರುತ್ತಾರೆ, ಅವರ ಕೈಯಲ್ಲಿ ಇದು ಆಗುವುದಿಲ್ಲ. ನಮ್ಮ ಓಣಿಯಲ್ಲಿ ಯಾರು ಸತ್ತರೂ ಮೊದಲು ಕರೆಯುತ್ತಿದ್ದದ್ದು ಅಪ್ಪನನ್ನು. ಅವನು ಹೋಗಿ ಹೆಣದ ಜೊತೆ ಮಾತಾಡುತ್ತಲೇ ಕೆಲಸ ಮುಗಿಸುತ್ತಿದ್ದ. "ಅಜ್ಜಾರ, ಜರಾ ಕಾಲ ಮಡಚ್ರಿ. ಇಷ್ಟ ವರ್ಷ ಯಾರ ಮಾತೂ ಕೇಳಲಿಲ್ಲ, ಇವತ್ತರ ಕೇಳ್ರಿ." ಅಳುತ್ತಿದ್ದವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಬಿದಿರು, ಬಾಳೆದಿಂಡಿನಲ್ಲಿ ಹೆಣ ಹೊರುವ ವಿಮಾನ ಕಟ್ಟುವುದೂ ಅವನೇ, ಕುಣಿ ತೋಡುವವರ ಜೊತೆ ನಿಲ್ಲುವುದೂ ಅವನೇ. ಮನೆಗೆ ಬಂದು ಸ್ನಾನ ಮಾಡಿ ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ.

ಅಂಥವನಿಗೆ ಸಾವಿನ ಹೆದರಿಕೆ ಇದೆ ಎಂದು ನಾವು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅವನೂ ಅಂದುಕೊಂಡಿರಲಿಲ್ಲ ಅಂತ ಕಾಣುತ್ತದೆ.

ನಾನು ಕೊನೆಯ ವರ್ಷದಲ್ಲಿದ್ದೆ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಒಂದು ದಿನ ಅಪ್ಪ ಊಟದ ಹೊತ್ತಿಗೆ ಮನೆಗೆ ಬಂದ. ಹಾಗೆ ಬರುವವನಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತು ತಂಬಿಗೆ ನೀರು ಪೂರ್ತಿ ಕುಡಿದು, "ಕಾಗಿ ಮುಟ್ಟೇತಿ" ಎಂದ.

"ಎಲ್ಲಿ?" ಎಂದಳು ಅವ್ವ.

"ತಲಿಗೆ. ರೊಟ್ಟಿ ಬಿಚ್ಚಾಕತ್ತಿದ್ದೆ, ಟವೆಲ್ ತಗದ ಬಾಜೂಕ ಇಟ್ಟಿದ್ದೆ. ಬಂದು ನೆತ್ತಿ ಮ್ಯಾಲೆ ಕುಂತ ಹೋತು."

ಅವ್ವ ಮೊರದಲ್ಲಿದ್ದ ಮೆಣಸಿನಕಾಯಿ ಬಿಟ್ಟು ಎದ್ದು ನಿಂತಳು. ನಾನು ನಕ್ಕೆ. "ರೊಟ್ಟಿ ಆಸೇಕ ಬಂದಿರತೈತಿ ಯಪ್ಪಾ. ನಿನ್ನ ತಲಿ ಯಾವುದು, ಗ್ವಾಡಿ ಯಾವುದು, ಅದಕ್ಕೇನ ಗೊತ್ತ?"

"ಇದನ್ನ ನಿಮ್ಮ ಕಾಲೇಜಿನ್ಯಾಗ ಕಲಸಂಗಿಲ್ಲ, ಸುಮ್ಮನಿರು" ಎಂದ. ಅವನ ದನಿಯಲ್ಲಿ ಜೋರು ಇರಲಿಲ್ಲ. ಅದಕ್ಕೇ ನನ್ನ ನಗು ಅರ್ಧಕ್ಕೆ ನಿಂತಿತು.

ಕಾಗೆ ತಲೆ ಮುಟ್ಟಿದರೆ ಆ ಮನುಷ್ಯನಿಗೆ ಸಾವು ಹತ್ತಿರ ಬಂತು ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಪ್ಪ ಮರುದಿನ ಕೆಲಸಕ್ಕೆ ಹೋಗಲಿಲ್ಲ. ಹಲಗೆಯ ಮೇಲೆ ಕಾಲಿಟ್ಟರೆ ನಡುಗುತ್ತದೆ ಎಂದ. ಮೂರನೆಯ ದಿನ ಕೌದಿ ಹೊದ್ದು ಮಲಗಿದ. ಐದನೆಯ ದಿನ ಪಕ್ಕದ ಓಣಿಯಲ್ಲಿ ಒಬ್ಬ ಮುದುಕ ತೀರಿಕೊಂಡ. ಕೂರಿಸಲು ಕರೆಯಬಂದವರಿಗೆ ಅಪ್ಪ ಕೌದಿಯೊಳಗಿನಿಂದಲೇ "ನನಗ ಆಗಂಗಿಲ್ಲೋ" ಎಂದುಬಿಟ್ಟ. ಅವ್ವ ನಿಜವಾಗಿ ಹೆದರಿದ್ದು ಅವತ್ತು. ನಾನೂ ಹೆದರಿದೆ, ಆದರೆ ತೋರಿಸಲಿಲ್ಲ. ಜ್ವರ ನೋಡಿದೆ, ಇರಲಿಲ್ಲ. ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆ, ಬೆನ್ನು, ಕಣ್ಣು ನೋಡಿ, "ಗಟ್ಟಿ ಆಳ ಅದಾನ, ಊಟ ಮಾಡಸ್ರಿ" ಎಂದು ಕಳಿಸಿದರು. ಅಪ್ಪ ಹೊರಗೆ ಬಂದು, "ಅವರ್ಗೆ ಕಾಗಿ ವಿಷಯ ಹೇಳಲಿಲ್ಲ ನೀ" ಎಂದ.

ಅವನ ಹೆದರಿಕೆ ಅವನೊಬ್ಬನದೇ ಆಗಿದ್ದರೆ ನಾನು ಕಾಯುತ್ತಿದ್ದೆ. ಅದು ನನ್ನ ಕೊರಳಿಗೆ ಬಂತು. ಒಂದು ಸಂಜೆ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದ: "ಯುಗಾದಿ ಅಮಾಸಿ ನಾ ದಾಟಂಗಿಲ್ಲ. ಅದರೊಳಗ ನಿನ್ನ ಮದುವಿ ನೋಡಿಬಿಡತೇನಿ."

"ಪರೀಕ್ಷಾ ಐತಿ ಯಪ್ಪಾ. ಯುಗಾದಿ ಆದ ಮ್ಯಾಲೆ."

"ಗಂಡನ ಮನ್ಯಾಗ ಇದ್ದು ಬರಿ."

"ಅಲ್ಲಿ ನನ್ನ ಪೇಪರ್ ಯಾರ ತರತಾರ, ಮಾವನವರೇನ?"

ಅವ್ವ ಬಾಯಿ ಮುಚ್ಚು ಎಂದು ಸನ್ನೆ ಮಾಡಿದಳು. ಕರ್ಜಗಿ ಅವ್ವನ ತವರೂರು. ಅಲ್ಲಿ ಒಬ್ಬ ಹುಡುಗ ಇದ್ದ. ಹೊಲ ಇತ್ತು, ಟ್ರ್ಯಾಕ್ಟರ್ ಇತ್ತು, ನಡತೆ ಒಳ್ಳೆಯದು. ಆ ಹುಡುಗನ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ಸೋಮವಾರ ಅವರು ನೋಡಲು ಬರುವುದು, ಒಪ್ಪಿದರೆ ಅದೇ ವಾರ ಅಕ್ಕಿಕಾಳು ಹಾಕಿ ಮದುವೆ ಮುಗಿಸುವುದು ಎಂದು ಮಾತಾಗಿಬಿಟ್ಟಿತ್ತು. ನನ್ನನ್ನು ಕೇಳಿರಲಿಲ್ಲ. ಮೂರು ವರ್ಷ ಓದಿ ಕೊನೆಯ ಪರೀಕ್ಷೆಗೆ ಒಂದು ತಿಂಗಳಿದ್ದಾಗ ಬಿಟ್ಟವರು ನನಗೆ ಗೊತ್ತಿದ್ದರು. ಅವರು ಆಮೇಲೆ ಬರೆದದ್ದನ್ನು ನಾನು ನೋಡಿರಲಿಲ್ಲ. ಅಪ್ಪನ ಕೂಡ ಜಗಳ ಆಡಬಹುದಿತ್ತು. ಆದರೆ ಅವನು ಜಗಳಕ್ಕೆ ಬರುತ್ತಿರಲಿಲ್ಲ. ಸಾಯುವವನಂತೆ ಮೆತ್ತಗೆ ಮಾತಾಡುತ್ತಿದ್ದ. ಅಂಥವನ ಮೇಲೆ ಕೂಗಾಡುವುದು ಹೇಗೆ?

ದಾರಿ ತೋರಿಸಿದವಳು ಓಣಿಯ ಆಯಿ. ಅವ್ವನ ಜೊತೆ ತೊಟ್ಟು ಮುರಿಯುವ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು. ಹಲ್ಲಿಲ್ಲ, ಆದರೆ ಕೈ ಎಲ್ಲರಿಗಿಂತ ಚುರುಕು. ಅವಳು ಮೊರ ಒದರುತ್ತಾ ಹೇಳಿದಳು: "ಕಾಗಿ ಮುಟ್ಟಿದ್ರ ಮಲಕೊಂಡ ಕುಂದರೂದೇನ? ಸುಳ್ಳ ಸುದ್ದಿ ಕಳಸ್ರಿ. ರಕ್ತಸಂಬಂಧದವ್ರು ಒಮ್ಮೆ ಖರೇ ಅಂತ ತಿಳದು ಅತ್ತಬಿಟ್ರಂದ್ರ, ಬಂದ ಸಾವು ಇಲ್ಲಿ ನನ್ನ ಕೆಲಸ ಮುಗೀತು ಅಂತ ಹೊಳ್ಳಿ ಹೋಗತೈತಿ."

ಹಿಂದೆ ಇದಕ್ಕೆ ಒಬ್ಬ ಆಳನ್ನು ಕಳಿಸುತ್ತಿದ್ದರಂತೆ. ಅವನು ನೆಂಟರ ಮನೆ ಮುಂದೆ ನಿಂತು, ಇಂಥವರು ಹೋದರು ಎನ್ನುವುದು. ಅವರು ಗೋಳೋ ಎಂದು ಅತ್ತ ಮೇಲೆ, ಸುಳ್ಳು, ಕಾಗೆ ಮುಟ್ಟಿತ್ತು ಎನ್ನುವುದು. ಅವರು ಬೈದು, ಬೆಲ್ಲ ನೀರು ಕೊಟ್ಟು ಕಳಿಸುವುದು. ಅಷ್ಟೇ ಶಾಸ್ತ್ರ.

"ಈಗ ಆಳ್ಯಾಕ, ಫೋನ್ ಐತಿ" ಎಂದಳು ಆಯಿ. ನನ್ನ ಕಡೆ ತಿರುಗಿ, "ನೀನ ಮಾಡು. ಓದಿದಾಕಿ, ನಂಬರ್ ಹಚ್ಚಾಕ ಬರತೈತಿ."

ನಾನು ಎರಡು ದಿನ ಒಲ್ಲೆ ಎಂದೆ. ತರ್ಕಶಾಸ್ತ್ರ ಒಂದು ಪೇಪರ್ ಓದಿದವಳು ನಾನು. ಆದರೆ ಶುಕ್ರವಾರ ಸಂಜೆ ಅವ್ವ ನನ್ನ ಸೀರೆ ಇಸ್ತ್ರಿಗೆ ಕೊಟ್ಟು ಬಂದಳು. ನಾನು ಅಪ್ಪನ ಹಾಸಿಗೆಯ ಹತ್ತಿರ ಹೋಗಿ ಕುಳಿತೆ.

"ಯಪ್ಪಾ, ನಾ ಫೋನ್ ಮಾಡತೇನಿ. ಸುದ್ದಿ ಮುಟ್ಟಿದ್ರ ನೀ ಸಾಯಂಗಿಲ್ಲಲ್ಲ?"

ಅವನು ಕೌದಿ ಸರಿಸಿ ನೋಡಿದ. "ಅತ್ರ ಸಾಯಂಗಿಲ್ಲ. ಹಿರ್ಯಾರು ಹೇಳತಾರ."

"ಸಾಯದಿದ್ರ ಕರ್ಜಗಿಯವ್ರಿಗೆ ಸೋಮವಾರ ಬರಬ್ಯಾಡ್ರಿ ಅಂತ ಹೇಳಬೇಕು. ಪರೀಕ್ಷಾ ಮುಗೀ ತನಕ ಮದುವಿ ಮಾತಿಲ್ಲ."

ಕೌದಿ ಮತ್ತೆ ಎಳೆದುಕೊಂಡು, "ಮೊದಲ ಅಳಸು, ಆಮ್ಯಾಲೆ ನೋಡೂಣು" ಎಂದ.

ಯಾರಿಗೆ ಹೇಳುವುದು ಎಂಬುದರಲ್ಲಿ ಚರ್ಚೆಯೇ ಇರಲಿಲ್ಲ. ಅಪ್ಪನಿಗೆ ಒಬ್ಬಳೇ ಅಕ್ಕ, ಕುಪ್ಪೇಲೂರಿಗೆ ಕೊಟ್ಟಿದ್ದರು. ಅಳುವುದರಲ್ಲಿ ಅವಳ ಸರಿಸಮ ಯಾರೂ ಇಲ್ಲ. ಹಾಡಿ ಹಾಡಿ, ಸತ್ತವರ ಗುಣ ಎತ್ತಿ ಎತ್ತಿ ಅಳುತ್ತಿದ್ದಳು. ಅತ್ತೆಯ ಮನೆಯಲ್ಲಿ ಫೋನ್ ಇರಲಿಲ್ಲ. ಎದುರಿನ ಕಿರಾಣಿ ಅಂಗಡಿಯಲ್ಲಿತ್ತು. ಅಂಗಡಿಯವನಿಗೆ ಹೇಳಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದರೆ ಅವಳನ್ನು ಕರೆಸಿರುತ್ತಿದ್ದ. ನಮ್ಮ ಲೆಕ್ಕ ಸರಳವಾಗಿತ್ತು. ಸುದ್ದಿ ಹೇಳುವುದು, ಅವಳು ಅಳುವುದು, ಅರ್ಧ ತಾಸು ಬಿಟ್ಟು ಅದೇ ಅಂಗಡಿಗೆ ಮತ್ತೊಂದು ಫೋನ್ ಮಾಡಿ ಸುಳ್ಳೆಂದು ಹೇಳಿಬಿಡುವುದು.

ಶನಿವಾರ ಬೆಳಿಗ್ಗೆ ನಾನೂ ಅವ್ವನೂ ಎಸ್‌ಟಿಡಿ ಬೂತಿಗೆ ಹೋದೆವು. ಗಾಜಿನ ಡಬ್ಬಿಯೊಳಗೆ ಇಬ್ಬರೂ ತುರುಕಿಕೊಂಡು ನಿಂತೆವು. ಅತ್ತೆ ಓಡಿ ಬಂದಿದ್ದಳು, ಏದುಸಿರು ಕೇಳುತ್ತಿತ್ತು.

"ಯಾರವ್ವಾ, ಮಗಳ? ಎಲ್ಲಾರೂ ಆರಾಮದೀರಿಲ್ಲೋ?"

"ಆರಾಮದೀವಿ ಅತ್ತಿ" ಎಂದು ಫೋನ್ ಇಟ್ಟುಬಿಟ್ಟೆ.

ಅವ್ವ ನನ್ನ ತೋಳು ಚಿವುಟಿದಳು. "ಆರಾಮದೀವಿ ಅಂದಿಯಲ್ಲಬೇ!"

"ಆಕಿ ಕೇಳಿದ್ಲು, ಬಾಯಾಗ ಬಂತು."

"ಇನ್ನೊಮ್ಮೆ ಮಾಡು."

ಮತ್ತೆ ನಂಬರ್ ಒತ್ತಿದೆ. ಬೂತಿನ ಗಾಜಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಕಾಗೆಗೆ ಬುದ್ಧಿ ಇಲ್ಲ, ಮಾತಿಗೆ ಬಲ ಇಲ್ಲ, ಸತ್ತ ಎಂದರೆ ಯಾರೂ ಸಾಯುವುದಿಲ್ಲ. ಇದೆಲ್ಲಾ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಎರಡು ಪುಟ ಬರೆಯುತ್ತಿದ್ದೆ. ಆದರೂ ಪಡಸಾಲೆಯ ಗೋಡೆಗೆ ಅಪ್ಪ ಒರಗಿ ಕುಳಿತದ್ದು, ಗದ್ದಕ್ಕೆ ಕಟ್ಟಿದ ಬಿಳಿ ಬಟ್ಟೆ ಕಣ್ಣಿಗೆ ಕಂಡಿತು. ಎಲ್ಲರನ್ನೂ ಕೂರಿಸುವವನು ಅವನು. ಅವನನ್ನು ಯಾರು ಕೂರಿಸುತ್ತಾರೆ ಎಂದು ಅನ್ನಿಸಿದ್ದೇ ತಡ, ನನಗೆ ಅಳು ಬಂತು. ನಟನೆಯಲ್ಲ. ಅಂಥ ಅಳು ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ.

"ಹಲೋ, ಮಗಳ, ಯಾಕ ಅಳಾಕತ್ತೀ? ತಮ್ಮ ಎಲ್ಲಿ?"

"ಅತ್ತಿ... ಅಪ್ಪ ಹೋದ."

ಆ ಕಡೆ ರಿಸೀವರ್ ಅಂಗಡಿಯ ಹಲಗೆಗೆ ಬಡಿದು ತೂಗಾಡುವ ಸದ್ದು, ಆಮೇಲೆ ದೂರದಲ್ಲಿ ಅತ್ತೆಯ ಕೂಗು. ನಾನು ಫೋನ್ ಇಟ್ಟು ಹೊರಗೆ ಬಂದು ಬೂತಿನ ಬೆಂಚಿನ ಮೇಲೆ ಕುಸಿದೆ. ಬೂತಿನವನು ನೀರು ತಂದುಕೊಟ್ಟ. ಪಾಪ, ಅವನ ಕಣ್ಣಲ್ಲೂ ನೀರು. "ಯಾವಾಗ ಆತ್ರಿ ಯವ್ವಾ?" ಎಂದು ಅವ್ವನನ್ನು ಕೇಳಿದ.

"ಇನ್ನೂ ಆಗಿಲ್ರಿ" ಎಂದಳು ಅವ್ವ. "ಮನ್ಯಾಗ ಚಹಾ ಕುಡ್ಯಾಕತ್ತಾರ."

ಅವನು ನಮ್ಮಿಬ್ಬರನ್ನೂ ನೋಡಿ ಗ್ಲಾಸು ವಾಪಸ್ ತೆಗೆದುಕೊಂಡ.

ಅರ್ಧ ತಾಸು ಅಲ್ಲೇ ಕುಳಿತು ಎರಡನೆಯ ಫೋನ್ ಮಾಡಿದೆ. ಗಂಟೆ ಹೊಡೆಯಿತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ ಗಂಟೆ. ಐದಾರು ಸಲ ಮಾಡಿದ ಮೇಲೆ ಅವ್ವನ ಮುಖ ಬಿಳಿಚಿತು. ಆಗ ನಮಗೆ ತಿಳಿಯದ ಸಂಗತಿ ಇದು: ಕುಪ್ಪೇಲೂರಿನಲ್ಲಿ ಅಂಗಡಿಯವನು ಶಟರ್ ಎಳೆದು, ಟೆಂಪೊ ಮಾತಾಡಿ, ಹೂವಿನ ಹಾರ ಕಟ್ಟಿಸಿ, ಅತ್ತೆಯ ಮನೆಯವರನ್ನೂ ಓಣಿಯ ಏಳೆಂಟು ಮಂದಿಯನ್ನೂ ಹತ್ತಿಸಿಕೊಂಡು ಮಣ್ಣು ಕೊಡಲೆಂದು ಹೊರಟುಬಿಟ್ಟಿದ್ದ. ಸುಳ್ಳು ಎಂದು ಕೇಳಿಸಿಕೊಳ್ಳಬೇಕಾದ ಫೋನಿನ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ.

ನಾವು ಮನೆಗೆ ಬಂದು ಅಪ್ಪನಿಗೆ ಹೇಳಿದೆವು. "ಅತ್ಲೇನ?" ಎಂದಷ್ಟೇ ಕೇಳಿದ. "ಜೋರ ಅತ್ಲು" ಎಂದೆ. ಎದ್ದು ಕುಳಿತ. ಏಳೆಂಟು ದಿನಗಳ ಮೇಲೆ ತಾನಾಗಿ ಎದ್ದದ್ದು ಅದೇ ಮೊದಲು. ಆಯಿ ಬಂದು, ಸುದ್ದಿ ಹೋದ ಮೇಲೆ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಬೇಕು ಎಂದಳು. ಅವ್ವ ಹಿತ್ತಲ ಬಚ್ಚಲದಲ್ಲಿ ಹಂಡೆ ಕಾಯಿಸಿದಳು. ವಾರದ ಗಡ್ಡ, ಎಣ್ಣೆ ಜಿಡ್ಡಿನ ತಲೆಯ ಮೇಲೆ ಅವಳು ತಂಬಿಗೆ ತಂಬಿಗೆ ಬಿಸಿನೀರು ಹಾಕುತ್ತಿದ್ದಾಗ ಓಣಿಯ ತಿರುವಿನಲ್ಲಿ ಟೆಂಪೊ ನಿಂತಿತು.

ಮೊದಲು ಬಂದದ್ದು ದನಿ. "ಯಪ್ಪಾ ನನ್ನ ತಮ್ಮಾ, ಪಂಚಮಿಗೆ ನನ್ನ ಕರ್ಯಾಕ ಇನ್ಯಾರ ಬರತಾರೋ!"

ಓಣಿಯ ಮಂದಿ ಹೊರಬಂದರು. ಅಪ್ಪ ವಾರದಿಂದ ಮಲಗಿದ್ದು ಎಲ್ಲರಿಗೂ ಗೊತ್ತಿತ್ತು. ಈಗಷ್ಟೇ ಹೋಗಿರಬೇಕು ಎಂದುಕೊಂಡು ಅವರೂ ಸೆರಗು ಬಾಯಿಗೆ ಇಟ್ಟುಕೊಂಡು ಹಿಂದೆ ನಡೆದರು. ನಾನು ಬಾಗಿಲಲ್ಲಿ ನಿಂತು "ಅತ್ತಿ, ಅತ್ತಿ, ಇಲ್ಲಿ ಕೇಳ" ಎನ್ನುತ್ತಿದ್ದೆ. ಅವಳು ನನ್ನನ್ನು ತಬ್ಬಿಕೊಂಡು ನನ್ನ ಬಾಯಿಯನ್ನೇ ತನ್ನ ಹೆಗಲಿಗೆ ಒತ್ತಿಕೊಂಡಳು. ಉಸಿರು ಬಿಡಲೂ ಆಗಲಿಲ್ಲ, ಸುಳ್ಳು ಎನ್ನಲೂ ಆಗಲಿಲ್ಲ.

ಬಚ್ಚಲದಲ್ಲಿ ನಡೆದದ್ದನ್ನು ಅವ್ವ ಆಮೇಲೆ ಹೇಳಿದಳು. ದನಿ ಕೇಳಿದ ಕೂಡಲೇ ಅವಳು ತಂಬಿಗೆ ಇಟ್ಟು ಓಡಲು ಹೊರಟಳಂತೆ. ಅಪ್ಪ ಅವಳ ಕೈ ಹಿಡಿದ. "ತಡೀ. ಪೂರಾ ಕೇಳೂಣು."

ಅತ್ತೆ ಪೂರಾ ಹಾಡಿದಳು. "ಎಂಟ ವರ್ಷದಾಂವ ಇದ್ದಾಗ ಉಂಡಿ ಡಬ್ಬಿ ತಲಿ ಮ್ಯಾಲೆ ಹೊತ್ತು ನಡಕೊಂತ ನನ್ನ ಊರಿಗೆ ಬಂದಿದ್ದೆಲ್ಲೋ, ದಾರ‍್ಯಾಗ ಅರ್ಧಾ ಉಂಡಿ ನೀನ ತಿಂದಿದ್ದೆಲ್ಲೋ! ಯಾರ ಮಾತಿಗೂ ಎದರಾಡದ ದೇವರಂಥಾ ಮನಷ್ಯಾ!"

"ಇದೊಂದ ಸುಳ್ಳ" ಎಂದಳಂತೆ ಅವ್ವ ಬಚ್ಚಲದಲ್ಲಿ.

"ಮಗಳ ಡಿಗ್ರಿ ನೋಡೂದರಾಗ ಹೋದಿಯಲ್ಲೋ! ನಮ್ಮ ಮನೀತನದಾಗ ಯಾರೂ ಕಲತಿಲ್ಲ, ನನ್ನ ಮಗಳು ಕಲಿತಾಳ, ಸಾಲಿಯೊಳಗ ಕುರ್ಚಿ ಮ್ಯಾಲೆ ಕುಂದರತಾಳ, ಅಂತ ನಮ್ಮ ಓಣಿ ಮಂದಿ ಮುಂದ ಹೇಳಿ ಹೇಳಿ ನನ್ನ ತಲಿ ತಿಂದಿದ್ದೆಲ್ಲೋ! ಇನ್ನ ಆಕೀನ್ನ ಯಾರ ಓದಸ್ತಾರೋ ತಮ್ಮಾ!"

ಅತ್ತೆಯ ಹೆಗಲ ಮೇಲೆ ನನ್ನ ಮುಖ ಇತ್ತು. ನಾನು ಒದ್ದಾಡುವುದನ್ನು ನಿಲ್ಲಿಸಿದೆ. ಅಪ್ಪ ನನ್ನ ಮುಂದೆ ಒಂದು ದಿನವೂ ಹಾಗೆ ಹೇಳಿರಲಿಲ್ಲ. ನನ್ನ ಪುಸ್ತಕ ದಾರಿಗೆ ಅಡ್ಡ ಇದ್ದರೆ ತೆಗಿ ಎನ್ನುತ್ತಿದ್ದ, ಅಷ್ಟೇ. ಕುಪ್ಪೇಲೂರಿನ ಕಟ್ಟೆಯ ಮೇಲೆ ಕುಳಿತು ನನ್ನ ಬಗ್ಗೆ ಇಷ್ಟು ಕೊಚ್ಚಿಕೊಂಡಿದ್ದ ಎಂದು ಗೊತ್ತಾದದ್ದು ಅವನ ಹೆಣದ ಮುಂದೆ, ಅದೂ ಇಲ್ಲದ ಹೆಣದ ಮುಂದೆ.

ಹಿತ್ತಲ ಬಾಗಿಲು ಸರಿಯಿತು. ಅಪ್ಪ ಟವೆಲ್ಲು ಸುತ್ತಿಕೊಂಡು, ನೀರು ತೊಟ್ಟಿಕ್ಕುತ್ತಾ, ಕೆಂಪು ಕಣ್ಣಲ್ಲಿ ಬಂದು ಪಡಸಾಲೆಯಲ್ಲಿ ನಿಂತ.

"ಅಕ್ಕಾ, ಅರ್ಧಾ ಅಲ್ಲ. ಎರಡ ಉಂಡಿ ತಿಂದಿದ್ದೆ."

ಅಂಗಡಿಯವನ ಕೈಯಲ್ಲಿದ್ದ ಹಾರ ಕೆಳಗೆ ಬಿತ್ತು. ಒಬ್ಬ ಹೆಂಗಸು ಚಪ್ಪಲಿ ಬಿಟ್ಟು ಓಡಿದಳು. ಅತ್ತೆ ನನ್ನನ್ನು ಬಿಟ್ಟು ತಮ್ಮನ ಹತ್ತಿರ ಹೋಗಿ, ಅವನ ಎದೆ ಮುಟ್ಟಿ, ತೋಳು ಹಿಂಡಿ, ಕಾಲು ನೋಡಿದಳು. ಪಾದಗಳು ನೆಲಕ್ಕೆ ಊರಿದ್ದವು. ಆಮೇಲೆ ಎರಡೂ ಕೈಯಲ್ಲಿ ಶುರು ಮಾಡಿದಳು. ಬೆನ್ನು, ಭುಜ, ತಲೆ, ಸಿಕ್ಕಲ್ಲಿ.

"ಸತ್ತಿಲ್ಲೇನಲೇ! ದಾರಿ ತುಂಬಾ ಎದಿ ಬಡಕೊಂಡ ಬಂದೇನಿ, ಸತ್ತಿಲ್ಲೇನಲೇ!"

"ಹೊಡೀಬ್ಯಾಡಬೇ ಅಕ್ಕಾ, ಖರೇನ ಸಾಯತೇನಿ!"

ಓಣಿಗೆ ಓಣಿಯೇ ನಕ್ಕಿತು. ಅಪ್ಪ ನಕ್ಕ. ಬಾಯಿ ತುಂಬ, ಮೊದಲಿನಂತೆ. ಆಯಿ ಕಾಗೆಯ ವಿಷಯ ಬಿಡಿಸಿ ಹೇಳಿದಳು. ಕುಪ್ಪೇಲೂರಿನವರಿಗೆ ಶಾಸ್ತ್ರ ಹೊಸದಲ್ಲ, ಆದರೆ ಅಂಗಡಿಯವನ ಸಿಟ್ಟು ಇಳಿಯಲಿಲ್ಲ. "ಸುಳ್ಳಂತ ಹೇಳಬೇಕಿಲ್ಲೋ ಅರ್ಧಾ ತಾಸಿಗೆ?"

"ಹೇಳಾಕ ಫೋನ್ ಮಾಡಿದ್ನಿ ಅಣ್ಣಾ, ಯಾರೂ ಎತ್ತಲಿಲ್ಲ" ಎಂದೆ.

"ಹೆಂಗ ಎತ್ತತಾರ? ನಾ ಇಲ್ಲಿಗೆ ಬರಾಕತ್ತಿದ್ನಿ! ಮಣ್ಣ ಆಗೂತನಕ ಬಾಯಾಗ ನೀರ ಹಾಕಬಾರದಂತ ಮುಂಜಾನಿಂದ ಚಹಾ ಸೈತ ಕುಡದಿಲ್ಲ."

ಅವನೊಬ್ಬನೇ ಅಲ್ಲ, ಯಾರೂ ಏನೂ ತಿಂದಿರಲಿಲ್ಲ. ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಇಂದಿಗೂ ಹಸಿವಾಗುತ್ತದೆ. ಅವ್ವ ದೊಡ್ಡ ಬುಟ್ಟಿಯಲ್ಲಿ ಮಂಡಕ್ಕಿ ತೋಯಿಸಿ ಒಗ್ಗರಣೆ ಹಾಕಿದಳು. ಎದುರು ಮನೆಯಿಂದ ರೊಟ್ಟಿ ಬಂತು, ಪಕ್ಕದ ಮನೆಯಿಂದ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಅಳಲು ಬಂದವರು ಸಾಲಾಗಿ ಕುಳಿತು ಉಂಡರು. ಸತ್ತವನು ಬಡಿಸಲು ನಿಂತ.

ಹಾರ ಇನ್ನೂ ನೆಲದ ಮೇಲೆ ಬಿದ್ದಿತ್ತು. ಚೆಂಡು ಹೂವಿನ ದಪ್ಪ ಹಾರ, ಒಳ್ಳೆಯದೇ. ಹೆಣಕ್ಕೆಂದು ತಂದದ್ದನ್ನು ದೇವರಿಗೆ ಹಾಕುವಂತಿಲ್ಲ, ವಾಪಸ್ ಒಯ್ಯುವಂತಿಲ್ಲ. ಎಲ್ಲರೂ ಅದನ್ನು ದಾಟಿ ದಾಟಿ ಓಡಾಡುತ್ತಿದ್ದರು, ಮುಟ್ಟುತ್ತಿರಲಿಲ್ಲ. ಅಪ್ಪ ಬಗ್ಗಿ ಎತ್ತಿಕೊಂಡು ತನ್ನ ಕೊರಳಿಗೆ ಹಾಕಿಕೊಂಡ. ಅವ್ವ ಅಯ್ಯೋ ಎಂದಳು.

"ನನಗಂತ ತಂದಾರ, ನಾನ ಹಾಕ್ಕೊಂತೇನಿ. ಖರೇ ಸತ್ತಾಗ ಹಾಕಿದ್ರ ನನಗೇನ ಕಾಣತೈತಿ?"

ಹೆಣಗಳ ಜೊತೆ ಹರಟುತ್ತಿದ್ದ ಮನುಷ್ಯ ವಾಪಸ್ ಬಂದಿದ್ದ. ಆ ಹಾರ ಹಾಕಿಕೊಂಡೇ ಊಟಕ್ಕೆ ಕುಳಿತು, ಐದು ರೊಟ್ಟಿ ತಿಂದ.

ಇನ್ನು ಸೋಮವಾರದ ಮಾತು ಉಳಿದಿತ್ತು. ಊಟ ಮುಗಿದ ಮೇಲೆ ನಾನೇ ಎತ್ತಿದೆ. ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಕರ್ಜಗಿಯವ್ರಿಗೆ ಮಾತ ಕೊಟ್ಟೇವಿ. ಬಂದ ನೋಡಿ ಹೋಗಲಿ" ಎಂದು ತೇಲಿಸಿದ. ನನಗೆ ಮೈಯೆಲ್ಲಾ ಉರಿಯಿತು. ಬಾಯಿ ತೆರೆಯುವುದರೊಳಗೆ ಅತ್ತೆ, "ಯಾವ ಕರ್ಜಗಿ? ಯಾವ ಮಾತ?" ಎಂದಳು. ಅವ್ವ ಎಲ್ಲಾ ಹೇಳಿದಳು.

ಅತ್ತೆ ತಟ್ಟೆ ಸರಿಸಿ ತಮ್ಮನ ಕಡೆ ತಿರುಗಿದಳು. "ಇವತ್ತ ನೀ ಸತ್ತಂವ ಅದೀ. ಸತ್ತಂವಗ ಮಗಳ ಮದುವಿ ಮಾಡಾಕ ಬರತೈತೇನ? ಬಾಯಿ ಮುಚ್ಚಿಕೊಂಡ ಕುಂದ್ರು."

"ಅಲ್ಲಬೇ ಅಕ್ಕಾ, ನಾ ಈಗ ಜೀವಂತ..."

"ಕೇಳಿಲ್ಲಿ. ಸಾವಿನ ಸುದ್ದಿ ಊರಿಗೆ ಹೋಗೇತಿ. ಹತ್ತ ಮಂದಿ ಅತ್ತಾರ, ಹಾರ ಬಂದೇತಿ, ನೀ ಹಾಕ್ಕೊಂಡೀ. ಇಂಥಾ ಮನ್ಯಾಗ ಈ ವರ್ಷ ಅಕ್ಕಿಕಾಳ ಹಾಕತಾರೇನ? ಕೇಳ ಬೇಕಾದ್ರ ಆಯೀನ್ನ."

ಎಲ್ಲರೂ ಆಯಿಯ ಕಡೆ ನೋಡಿದರು. ಆಯಿ ನನ್ನ ಮುಖ ನೋಡಿದಳು. ಬೊಚ್ಚು ಬಾಯಿಯಲ್ಲಿ ಮಂಡಕ್ಕಿ ಆಡಿಸುತ್ತಾ, "ವರ್ಷ ತುಂಬಬೇಕವ್ವಾ" ಎಂದಳು.

ಇದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ಸತ್ತವನು ಎದುರಿಗೇ ಎಲೆ ಅಡಿಕೆ ಅಗಿಯುತ್ತಾ ಕುಳಿತಿದ್ದ. ನಾನು ಓದಿದ ತರ್ಕಶಾಸ್ತ್ರದಲ್ಲಂತೂ ಇದು ನಿಲ್ಲುವುದಿಲ್ಲ. ನಾನು ಎದ್ದು ಆಯಿಯ ತಟ್ಟೆಗೆ ಇನ್ನೊಂದಿಷ್ಟು ಮಂಡಕ್ಕಿ ಹಾಕಿದೆ. ಅಪ್ಪ ಹಾರದ ಒಂದೊಂದೇ ಹೂವು ಕಿತ್ತು ಎಸೆದ. ಆಮೇಲೆ ಅಂಗಡಿಯವನಿಗೆ, "ಹೋಗೂ ಮುಂದ ಕರ್ಜಗಿಗೊಂದ ಫೋನ್ ಮಾಡಿ ಹೇಳಿಬಿಡೋ ಮಾರಾಯಾ, ನನ್ನ ಮಗಳು ಹೇಳಿದ್ರ ಯಾರೂ ನಂಬಂಗಿಲ್ಲ" ಎಂದ.

ಮಂಗಳವಾರ ಅವನು ಕೆಲಸಕ್ಕೆ ಹೋದ. ಹಲಗೆಯ ಮೇಲೆ ಮೊದಲ ದಿನ ಹಾಡಲಿಲ್ಲ, ಎರಡನೆಯ ದಿನ ಹಾಡಿದನಂತೆ. ಯುಗಾದಿ ಅಮಾವಾಸ್ಯೆಯ ದಿನ ಮಾತ್ರ ಮನೆ ಬಿಟ್ಟು ಹೊರಗೆ ಕಾಲಿಡಲಿಲ್ಲ. ಮರುದಿನ ಬೇವು ಬೆಲ್ಲ ತಿಂದು, ಬೇವು ಕಹಿ ಕಡಿಮೆ ಇದೆ ಎಂದು ಅವ್ವನ ಕೂಡ ಜಗಳ ತೆಗೆದ. ನಾನು ಪರೀಕ್ಷೆ ಬರೆದೆ.

ಫಲಿತಾಂಶ ಬಂದ ದಿನ ಅದೇ ಬೂತಿಗೆ ಹೋದೆ. ಬೂತಿನವನು ನನ್ನನ್ನು ನೋಡಿ, "ಇವತ್ತ ಯಾರ್ರೀ?" ಎಂದ. ಕುಪ್ಪೇಲೂರಿನ ಅಂಗಡಿಗೆ ನಂಬರ್ ಹಚ್ಚಿ, "ಅಣ್ಣಾ, ನಾ ಫಸ್ಟ್ ಕ್ಲಾಸಿನಾಗ ಪಾಸಾಗೇನಿ, ಅತ್ತಿಗೆ ಹೇಳ್ರಿ" ಎಂದೆ.

"ಹೇಳಂಗಿಲ್ಲ" ಎಂದ ಅವನು. "ನಿನ್ನ ಸುದ್ದಿ ತಗೊಂಡ ಒಮ್ಮೆ ಬ್ಯಾಡಗಿಗೆ ಹೋಗಿ ಬಂದೇನಿ. ಮಾರ್ಕ್ಸ್ ಕಾರ್ಡ್ ತಂದ ತೋರಸು."

ಅದಕ್ಕೇ ಮಾರ್ಕ್ಸ್ ಕಾರ್ಡ್ ಕೈಗೆ ಬಂದ ಮೇಲೆ ನಾನೂ ಅಪ್ಪನೂ ಬಸ್ಸು ಹತ್ತಿದೆವು. ಅಪ್ಪ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂ‌ಗಿಯೊಳಗೆ ಎದೆಗೆ ಇಟ್ಟುಕೊಂಡಿದ್ದ. ಈ ಸಲ ಇಸ್ತ್ರಿ ಅಂಗಿ. ಅಂಗಡಿಯವನು ಕನ್ನಡಕ ಹಾಕಿಕೊಂಡು ಕಾರ್ಡನ್ನು ಬೆಳಕಿಗೆ ಹಿಡಿದು, ಸೀಲು ನೋಡಿ, ಹಿಂದೆ ಮುಂದೆ ತಿರುಗಿಸಿ, "ಖರೇ ಐತಿ" ಎಂದು ಓಣಿಗೆ ಕೇಳುವಂತೆ ಕೂಗಿದ. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದು ನನ್ನ ಕೆನ್ನೆ ಹಿಡಿದು ಅತ್ತಳು. ಹಾಡಲಿಲ್ಲ. ಸುಮ್ಮನೆ ಅತ್ತಳು.

ಹೋಳಿಗೆ ಮಾಡಿದ್ದಳು. ಮನೆಯ ಮುಂದಿನ ಕಟ್ಟೆಯ ಮೇಲೆ ಊಟಕ್ಕೆ ಕುಳಿತೆವು. ಓಣಿಯ ನಾಲ್ಕು ಮಂದಿ ಸೇರಿದ್ದರು. ಅಪ್ಪ ಅವರಿಗೆ ನನ್ನ ಇತಿಹಾಸದ ಅಂಕ, ಕನ್ನಡದ ಅಂಕ ಬಾಯಿಪಾಠ ಹೇಳುತ್ತಿದ್ದ. ನಾನು ಎದುರಿಗಿದ್ದೇನೆ ಎಂಬ ಸಂಕೋಚವೂ ಇರಲಿಲ್ಲ. ಅಷ್ಟರಲ್ಲಿ ಹಂಚಿನ ಮೇಲೆ ಒಂದು ಕಾಗೆ ಬಂದು ಕುಳಿತು ಕತ್ತು ಓರೆ ಮಾಡಿ ಹೋಳಿಗೆ ನೋಡಿತು. ಅಪ್ಪ ಮಾತು ನಿಲ್ಲಿಸದೆ, ಹೆಗಲ ಮೇಲಿನ ಟವೆಲ್ಲು ತೆಗೆದು ತಲೆಗೆ ಬಿಗಿಯಾಗಿ ಸುತ್ತಿಕೊಂಡ. ಒಂದು ಚೂರು ಹೋಳಿಗೆ ಮುರಿದು ದೂರಕ್ಕೆ ಎಸೆದ. "ಅಕ್ಕಾ, ನನಗ ಇನ್ನೊಂದ ನೀಡು, ತುಪ್ಪ ಜಾಸ್ತಿ ಹಾಕು" ಎಂದ.

ನಾನು ಆಚೆ ಈಚೆ ನೋಡಿ, ಯಾರಿಗೂ ಕಾಣದಂತೆ ನನ್ನ ವೇಲನ್ನು ತಲೆಯ ಮೇಲೆ ಎಳೆದುಕೊಂಡೆ.